ದೀಪ ಹಚ್ಚಿದ ಕೀಲಿಮಣೆ

ನನ್ನ ಮೇಜಿನ ಮೇಲೆ ಒಂದು ಕೀಲಿಮಣೆ ಇದೆ. ಗಣಕಕ್ಕೆ ಜೀವ ಬಂದೊಡನೆ ಅದರ ಕೀಲಿಗಳ ಸಂದಿಯಲ್ಲೆಲ್ಲ ಕೆಂಪು, ಹಸಿರು, ನೀಲಿ ದೀಪಗಳು ಹತ್ತಿಕೊಂಡು ಎಡದಿಂದ ಬಲಕ್ಕೆ ಅಲೆಯಂತೆ ಹರಿಯುತ್ತವೆ. ಮದುವೆ ಮುಗಿದು ನೆಂಟರೆಲ್ಲ ಊರು ಸೇರಿದ ಮೇಲೂ ಛತ್ರದವರು ಬಿಚ್ಚಲು ಮರೆತ ಸೀರಿಯಲ್ ಸೆಟ್ಟಿನ ಹಾಗೆ, ಯಾರಿಗಾಗಿ ಎಂದು ತಿಳಿಯದೆ ಅದು ಮಿನುಗುತ್ತಿರುತ್ತದೆ. ಜೊತೆಗೆ ಬಂದ ಮೌಸು ಅಂಗೈಯ ಕೆಳಗೆ ಬೆಳಗುತ್ತದೆ. ಕೈ ಇಟ್ಟರೆ ಬೆಳಕು ಕಾಣದು, ಬೆಳಕು ನೋಡಬೇಕಾದರೆ ಕೆಲಸ ಬಿಡಬೇಕು. ಹೆಡ್‌ಫೋನಿನದು ಇನ್ನೂ ವಿಚಿತ್ರ. ಎರಡು ಕಿವಿಗಳ ಹೊರಬದಿಯಲ್ಲಿ ಬಳೆಯಂತಹ ದೀಪಗಳಿವೆ. ತೊಟ್ಟವನೊಬ್ಬನಿಗೆ ಮಾತ್ರ ಅವು ಕಾಣುವುದಿಲ್ಲ. ನೋಡಿದೊಡನೆ ಶಾಸನಗಳ ಬಿರುದಾವಳಿ ನೆನಪಾಯಿತು. ಒಂದು ಕೆರೆ, ಒಂದಿಷ್ಟು ಹೊಲವನ್ನು ಆಳಿದ ನಾಯಕನಿಗೂ ಕಲ್ಲಿನ ಮೇಲೆ ಸಾಲುಗಟ್ಟಲೆ ಬಿರುದು ಹೊಳೆಯುತ್ತದೆ. ಹೊತ್ತವನಿಗೆ ಅದರಿಂದ ಎಷ್ಟು ಬೆಳಕು ಸಿಕ್ಕಿತೋ, ಯಾವ ಕಲ್ಲೂ ಹೇಳಿಲ್ಲ.

ಈ ಕೀಲಿಮಣೆ ನಮ್ಮ ಕೋಲಾರದ ಮನೆಗೆ ಬಂದದ್ದು ಯಾವಾಗ ಎಂಬ ಬಗ್ಗೆ ಎರಡು ಮತಗಳಿದ್ದವು. ಅವರೆಕಾಯಿ ಮಾರುಕಟ್ಟೆಗೆ ಬರತೊಡಗಿದ ಮೇಲೆ ಎಂದು ನನ್ನ ನೆನಪು. ದೀಪಾವಳಿ ಕಳೆದ ವಾರವೇ ಎಂದು ಮಗಳು ವನಜಳ ವಾದ. ಪೆಟ್ಟಿಗೆಯ ಮೇಲೆ ಅಂಟಿಸಿದ್ದ ಚೀಟಿಯನ್ನು ಹುಡುಕಿ ನೋಡಿದೆ. ಮಗಳ ಮಾತೇ ಸರಿ. ಓದುಗರು ಇಷ್ಟಕ್ಕೆಲ್ಲ ಚೀಟಿ ಹುಡುಕಬೇಕೆ ಎಂದು ನಗಬಹುದು. ನಗಲಿ. ಶಾಸನಗಳ ಕಾಲವನ್ನು ತಾಳೆ ನೋಡುತ್ತಲೇ ನೌಕರಿ ಮುಗಿಸಿ ನಿವೃತ್ತನಾದವನು ನಾನು. ಕಲ್ಲಿನ ಮೇಲೆ ಸಂವತ್ಸರ, ತಿಥಿ, ವಾರ ಮೂರೂ ಇದ್ದು, ವಾರ ಮಾತ್ರ ಹೊಂದದೆ ಹೋದರೆ ನನಗೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡಂತಾಗುತ್ತದೆ. ಅದನ್ನು ತೆಗೆಯುವವರೆಗೆ ಊಟ ಸೇರದು.

ಈ ರೋಗದ ಮೂಲ ನನ್ನ ಹುಟ್ಟೂರಾದ ಯಲ್ದೂರಿನಲ್ಲಿದೆ. ಅಲ್ಲಿ ನಮ್ಮ ಅಜ್ಜಿಯ ಪಂಚಾಂಗವೆಂದರೆ ಮಾವಿನ ತೋಪು. ನಾನು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ, "ಬಾದಾಮಿ ಮಾವಿನ ಮರಕ್ಕೆ ಸಿಡಿಲು ಬಡೀತಲ್ಲ, ಆ ವರ್ಷ ಕಣೋ" ಎನ್ನುತ್ತಿದ್ದಳು. ಪಕ್ಕದಲ್ಲೇ ಕೂತಿದ್ದ ಅಮ್ಮ, "ಅಯ್ಯೋ ಇಲ್ಲ ಅತ್ತೆ, ಸಿಡಿಲು ಬಡಿದಾಗ ಇವನು ಅಂಬೆಗಾಲಿಡ್ತಿದ್ದ" ಎನ್ನುವಳು. ಶಾಲೆಗೆ ಸೇರಿಸಲು ಹೋದ ಸೋದರಮಾವ ಇಬ್ಬರನ್ನೂ ಕೇಳದೆ ಮೂರನೆಯ ತಾರೀಖೊಂದನ್ನು ಬರೆಸಿದ. ಹೀಗೆ ಮೂರು ಸಲ ಹುಟ್ಟಿದ ನಾನು, ದೊಡ್ಡವನಾದ ಮೇಲೆ ಇತರರ ಕಾಲನಿರ್ಣಯಕ್ಕೆ ಕೈ ಹಾಕಿದೆ.

ಆ ದಿನಗಳಲ್ಲಿ ನಮಗೆ ಬಣ್ಣದ ಬೆಳಕೆಂದರೆ ಅಪ್ಪನ ಬ್ಯಾಟರಿಯ ಗಾಜಿಗೆ ಪೆಪ್ಪರ್‌ಮೆಂಟಿನ ಹಾಳೆ ಸುತ್ತಿ ಗೋಡೆಗೆ ಬಿಡುತ್ತಿದ್ದ ಕೆಂಪು ಚಂದ್ರ. ತೋಪಿನ ಮಣ್ಣಿನ ಗೋಡೆ, ಅದರ ಮೇಲೆ ಬಿರುಕು ಬಿಟ್ಟ ಕೆಂಪು ಚಂದ್ರ, ಬ್ಯಾಟರಿ ಮುಗಿಸಿದ್ದಕ್ಕೆ ಬೆನ್ನಿಗೆ ಬೀಳುತ್ತಿದ್ದ ಗುದ್ದು. ಬೆಳಕಿನ ಆಟದಿಂದ ನನಗೆ ಒಳ್ಳೆಯದಾಗದು ಎಂಬುದಕ್ಕೆ ಅಂದೇ ಸಾಕಷ್ಟು ಆಧಾರವಿತ್ತು.

ಇನ್ನು ಕೀಲಿಮಣೆ ಯಾರಿಗಾಗಿ ಬಂತೋ ಅವರ ಮಾತು. ನನ್ನ ಹೆಂಡತಿ ಪದ್ಮಾವತಿ ತಾಯಲೂರಿನವಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಮುಳಬಾಗಿಲಿನಲ್ಲಿ ಆಕೆ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದಳು. ಮದುವೆಗೆ ಮುಂಚೆ ನಾನು ಆಕೆಯ ಗಿರಾಕಿ. ಲೇಖನಗಳನ್ನು ಬೆರಳಚ್ಚು ಮಾಡಿಸಲು ಹೋಗುತ್ತಿದ್ದೆ. ಆಗ ಆಕೆ ನನ್ನನ್ನು "ಸಾರ್" ಎನ್ನುತ್ತಿದ್ದಳು. ಮದುವೆಯಾದ ಮೇಲೆ "ರೀ" ಎಂದಾದೆ. ಅದು ಬಡ್ತಿಯೋ ಹಿಂಬಡ್ತಿಯೋ ಎಂದು ಕೇಳಿದಾಗಲೆಲ್ಲ ನಕ್ಕುಬಿಡುತ್ತಿದ್ದಳು.

ಆ ಇನ್‌ಸ್ಟಿಟ್ಯೂಟಿನಲ್ಲಿ ಒಂದೇ ಕಾನೂನು: ಕೀಲಿಗಳನ್ನು ನೋಡಕೂಡದು. ಬೆಳಗಿನ ಬಸ್ಸಿಗೆ ಹಳ್ಳಿಗಳಿಂದ ಬರುತ್ತಿದ್ದವರು ಹಿಪ್ಪುನೇರಳೆ ಸೊಪ್ಪು ಕೊಯ್ದ ಕೈಯನ್ನು ಸೀರೆಗೋ ಪಂಚೆಗೋ ಒರೆಸಿಕೊಂಡು ಯಂತ್ರದ ಮುಂದೆ ಕೂತರೆ, ಈಕೆ ಅವರ ಕೈ ಮತ್ತು ಕೀಲಿಗಳ ಮೇಲೆ ಒಂದು ಟವಲ್ ಹೊದಿಸಿಬಿಡುತ್ತಿದ್ದಳು. ಟವಲ್ ಸರಿಸಿ ಇಣುಕಿದವರ ಕಥೆ ಮುಗಿಯಿತು.

"ಏನ್ಲಾ, ಕೀ ಏನು ನಿನ್ ಹೆಂಡ್ತಿ ಮುಖಾನಾ, ಹಂಗ್ ನೋಡ್ತಿದ್ದೀಯ?"

"ಇಲ್ಲ ಮೇಡಂ, ಎಲ್ಲಿದೆ ಅಂತ..."

"ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗ್ಬೇಕು ಕಣೋ. ಕಣ್ಣಿಗೆ ಗೊತ್ತಾದ್ರೆ ಏನ್ ಬಂತು? ಕಣ್ಣು ಪೇಪರ್ ಮೇಲಿರ್ಲಿ!"

ನನ್ನ ಬರಹಗಳನ್ನೆಲ್ಲ ಆಕೆಯೇ ಬೆರಳಚ್ಚು ಮಾಡಿದಳು. ನಾನು ಓದುವುದು, ಆಕೆ ಕಿಟಕಿಯಾಚೆ ನೋಡುತ್ತ ಒತ್ತುವುದು. ಕಾಲನಿರ್ದೇಶ ಎಲ್ಲಿಯಾದರೂ ಎಡವಿದರೆ ಬಾಯಿಯಿಂದ ಹೇಳುತ್ತಿರಲಿಲ್ಲ. ಸ್ಪೇಸ್ ಬಾರನ್ನು ಎರಡು ಸಲ ತಟ್ಟಿ ಕೈ ಎತ್ತಿಬಿಡುತ್ತಿದ್ದಳು. ಟಕ್, ಟಕ್. ಅದರ ಅರ್ಥ: ಮೇಲೆ ಸೋಮವಾರ ಎಂದಿರಿ, ಕೆಳಗೆ ಶುಕ್ರವಾರ ಎನ್ನುತ್ತಿದ್ದೀರಿ, ನೋಡಿಕೊಳ್ಳಿ. ನಾನು ಹಾಳೆ ತಿರುವಿ ಸರಿಪಡಿಸುವವರೆಗೆ ಆ ಕೈ ಕೆಳಗಿಳಿಯುತ್ತಿರಲಿಲ್ಲ. ಕೆಲವೊಮ್ಮೆ ಆಕೆಯೇ ತಪ್ಪಾಗಿರುತ್ತಿದ್ದಳು. ಆಗ ನನಗಾಗುತ್ತಿದ್ದ ಆನಂದ ಅಷ್ಟಿಷ್ಟಲ್ಲ. ಒಟ್ಟಿನಲ್ಲಿ ನಮ್ಮ ದಾಂಪತ್ಯದ ಬಹುಪಾಲು ಸಂಭಾಷಣೆ ಆ ಎರಡು ತಟ್ಟುಗಳಲ್ಲೇ ನಡೆಯಿತೆಂದರೆ ಉತ್ಪ್ರೇಕ್ಷೆಯಲ್ಲ. ಮುಂದೆ ಯಂತ್ರ ಹೋಗಿ ಗಣಕ ಬಂತು. ಹಳೆಯ ಬೆರಳಚ್ಚು ಯಂತ್ರದ ಜೋಡಣೆಯಲ್ಲೇ ಕನ್ನಡ ಮೂಡಿಸುವ ತಂತ್ರಾಂಶವೂ ಸಿಕ್ಕಿತು. ಕೀಲಿಗಳ ಮೇಲೆ ಇಂಗ್ಲಿಷ್ ಅಕ್ಷರಗಳಿದ್ದರೂ ಆಕೆಗೆ ಯಾವ ತೊಂದರೆಯೂ ಆಗಲಿಲ್ಲ. ನೋಡುವವರಿಗಷ್ಟೇ ಆ ತೊಂದರೆ.

ಆಮೇಲೆ ಮರೆವು ಬಂತು. ಮೊದಲು ಹಾಲಿನವನ ಹೆಸರು, ಅನಂತರ ತಂಗಿಯ ಹೆಸರು, ಒಂದು ದಿನ ವನಜಳನ್ನೇ "ನೀನು ಯಾವ ಬ್ಯಾಚಮ್ಮಾ?" ಎಂದು ಕೇಳಿದಳು. ವನಜ ಮಾಲೂರಿನ ಕಾಲೇಜಿನಲ್ಲಿ ಪಾಠ ಹೇಳುವವಳು. ನಮ್ಮೊಡನೆಯೇ ಇದ್ದು ದಿನಾ ಹೋಗಿಬರುತ್ತಾಳೆ. "ಬೆಳಗಿನ ಬ್ಯಾಚ್ ಮೇಡಂ" ಎಂದು ಉತ್ತರ ಹೇಳಿ, ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು.

ವೈದ್ಯರು ಒಂದು ಮಾತು ಹೇಳಿದ್ದರು: ತಲೆ ಕಲಿತದ್ದು ಮೊದಲು ಹೋಗುತ್ತದೆ, ಕೈ ಕಲಿತದ್ದು ಬಹಳ ಕಾಲ ಉಳಿಯಬಹುದು. ಪರೀಕ್ಷಿಸಲೆಂದು ಪದ್ಮಾವತಿಯನ್ನು ಗಣಕದ ಮುಂದೆ ಕೂರಿಸಿ ನನ್ನ ಹಳೆಯ ಲೇಖನವೊಂದನ್ನು ಓದಿದೆ. ಆಕೆ ಕಿಟಕಿಯ ಕಡೆ ನೋಡಿದಳು. ಬೆರಳುಗಳು ತಮ್ಮಷ್ಟಕ್ಕೆ ಎರಡು ಕೀಲಿಗಳ ಮೇಲೆ ಬೆರಳಿಗೆ ನೆಲೆ ಹೇಳುವ ಸಣ್ಣ ಉಬ್ಬುಗೆರೆಗಳನ್ನು ತಡವಿ ಹುಡುಕಿಕೊಂಡವು, ಹೊರಟವು. ಪರದೆಯ ಮೇಲೆ ನನ್ನ ಭಾರವಾದ ವಾಕ್ಯಗಳು ಒಂದೊಂದಾಗಿ ಮೂಡಿದವು. ಒಂದೆಡೆ ನಾನು ಕನ್ನಡಕದ ದೋಷದಿಂದ ವಾರವನ್ನು ತಪ್ಪಾಗಿ ಓದಿದೆ. ಟಕ್, ಟಕ್. ಕೈ ಮೇಲೆದ್ದಿತು. ನಾನು ಮುಖ ತಿರುಗಿಸಿಕೊಳ್ಳಬೇಕಾಯಿತು. ಮಗಳ ಹೆಸರು ಹೋಗಿತ್ತು, ಊರಿನ ಹೆಸರು ಹೋಗಿತ್ತು. ನನ್ನ ತಪ್ಪು ಹಿಡಿಯುವವಳು ಮಾತ್ರ ಒಳಗೆಲ್ಲೋ ಕೂತೇ ಇದ್ದಳು.

ಅಲ್ಲಿಗೆ ಬಿಡಬೇಕಿತ್ತು. ಬಿಡಲು ನನಗೆ ಬರುವುದಿಲ್ಲ.

ಬರಬರುತ್ತ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪತೊಡಗಿತು. ಒತ್ತು ಜಾರುವುದು, ದೀರ್ಘ ಬಿಟ್ಟುಹೋಗುವುದು. ಓದಲು ಯಾರೂ ಕಾದಿರಲಿಲ್ಲ. ಆ ಲೇಖನ ಎಂದೋ ಅಚ್ಚಾಗಿ, ಎಂದೋ ಮರೆತುಹೋದದ್ದು. ಆದರೂ ತಪ್ಪು ತಪ್ಪೇ. ಪ್ರತಿದಿನ ಆಕೆ ಎದ್ದುಹೋದ ಮೇಲೆ ನಾನು ಕೂತು ಆ ಪುಟವನ್ನು ತಿದ್ದಿ ಉಳಿಸುತ್ತಿದ್ದೆ. ಆ ಹೊತ್ತಿಗೆ ಹಳೆಯ ಕೀಲಿಮಣೆಯ ಕೆಲವು ಕೀಲಿಗಳು ಸಿಕ್ಕಿಕೊಳ್ಳುತ್ತಿದ್ದವು. ತಪ್ಪು ಕೀಲಿಯದೇ ಇರಬಹುದೆಂದು ವನಜ ಹೊಸದನ್ನು ತರಿಸಿದಳು. ಪೆಟ್ಟಿಗೆ ತೆಗೆದಾಗ ಈ ಜಾತ್ರೆ ಹೊರಬಿತ್ತು.

"ಅಪ್ಪಾ, ಫೋಟೋದಲ್ಲಿ ಬರೀ ಕಪ್ಪಗಿತ್ತು. ಗೇಮ್ ಆಡೋರದ್ದಂತೆ ಇದು. ವಾಪಸ್ ಕಳಿಸ್ಬಿಡ್ಲಾ?"

"ದೀಪ ಆರಿಸೋಕೆ ಬರಲ್ವಾ?"

"ಬರತ್ತೆ. ಯಾವ ಕೀಗೆ ಯಾವ ಬಣ್ಣ ಬೇಕೋ ಅದನ್ನೂ ಮಾಡ್ಕೋಬಹುದಂತೆ. ಬೇಕಂದ್ರೆ ಒಂದೇ ಕೀ ಹೊತ್ತಿಸ್ಬಹುದು."

ಆ ಕೊನೆಯ ಮಾತನ್ನು ಅವಳು ಆಡದಿದ್ದರೆ ಚೆನ್ನಾಗಿತ್ತು.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ನೌಕರಿಯಲ್ಲಿದ್ದಾಗ ಹೋಳೂರಿನಾಚೆಯ ಒಂದು ಹಳ್ಳಿಗೆ ಶಾಸನ ನೋಡಲು ಹೋಗಿದ್ದೆ. ಮೊದಲ ಸಲ ಹೋದಾಗ ಕಲ್ಲು ಸವೆದಿತ್ತು, ಆದರೂ ಬೆರಳಾಡಿಸಿದರೆ ಅಕ್ಷರ ಸಿಗುತ್ತಿತ್ತು. ಎರಡನೆಯ ಸಲ ಹೋಗುವ ವೇಳೆಗೆ ಊರಿನ ಹಿರಿಯರೊಬ್ಬರು ಉತ್ಸಾಹದಿಂದ ಅಕ್ಷರಗಳ ಗುಳಿಗೆಲ್ಲ ಎಣ್ಣೆಬಣ್ಣ ತುಂಬಿಸಿದ್ದರು. ಅಕ್ಷರ ಇದ್ದಲ್ಲಿ ಬಣ್ಣ, ಬಿರುಕು ಇದ್ದಲ್ಲಿಯೂ ಬಣ್ಣ. ಇನ್ನು ಯಾವುದು ಅಕ್ಷರ, ಯಾವುದು ಬಿರುಕು ಎಂದು ತಿಳಿಯುವಂತಿರಲಿಲ್ಲ.

"ಹೆಂಗೈತೆ ಸಾರ್? ಮುಂಚೆ ಏನೂ ಕಾಣ್ತಿರ್ಲಿಲ್ಲ. ಈಗ ರೋಡಿಂದಾನೇ ಹೊಳೀತೈತೆ ನೋಡಿ!"

"ಎಂಥ ಕೆಲಸ ಮಾಡಿದಿರಿ! ಇದನ್ನ ಬೆರಳಲ್ಲಿ ಓದಬೇಕು ಸ್ವಾಮಿ, ಕಣ್ಣಲ್ಲಲ್ಲ!"

"ಬೆರಳಿಗೆ ಕಣ್ಣಿರ್ತದಾ ಸಾರ್?" ಎಂದು ಅವರು ಅಕ್ಕಪಕ್ಕದವರ ಮುಖ ನೋಡಿ ನಕ್ಕರು. ಅವರೂ ನಕ್ಕರು. ನಾನು ಆ ಪ್ರಸಂಗವನ್ನು ಅನೇಕ ಉಪನ್ಯಾಸಗಳಲ್ಲಿ ಹೇಳಿ, ವಿದ್ಯಾವಂತರನ್ನೂ ನಗಿಸಿದ್ದೇನೆ.

ಯಾವ ದೀಪ ಯಾವಾಗ ಹತ್ತಬೇಕೆಂದು ಗಣಕಕ್ಕೆ ಬರೆದುಕೊಡುವುದನ್ನು ನಾನು ಸಂಕ್ರಾಂತಿಯ ಹೊತ್ತಿಗೆ ಕಲಿತೆ. ಹಳಗನ್ನಡದ ಕೊಂಕುಗಳನ್ನೆಲ್ಲ ಬಿಡಿಸಿದವನಿಗೆ ಇದೇನು ಮಹಾ ಎಂಬ ಗರ್ವವಿತ್ತು, ಇಳಿಯಿತು. ಮೊದಲು ಒಂದು ಕೀಲಿ ಹಸಿರಾಗಲೆಂದರೆ ಇಡೀ ಸಾಲು ಹಸಿರಾಯಿತು. ಕೀಲಿಮಣೆಗೆ ಹೇಳಿದ ಮಾತನ್ನು ಹೆಡ್‌ಫೋನು ಕೇಳಿಸಿಕೊಂಡು ತಾನೇ ಕೆಂಪಾಗಿ ಮಿಡಿಯತೊಡಗಿತು. ಅಂತರ್ಜಾಲದ ಪಾಠಗಳಲ್ಲಿ ಮೀಸೆ ಮೂಡದ ಗುರುಗಳು ತಮ್ಮ ಆಟದ ಗುಂಡಿನ ಸದ್ದಿನ ನಡುವೆ ಬೋಧಿಸುತ್ತಿದ್ದರು. ಕೊನೆಗೆ ಬಂತು. ಲೇಖನವನ್ನು ಮೊದಲೇ ಗಣಕಕ್ಕೆ ಊಡಿಸಿಟ್ಟರೆ, ಒತ್ತಬೇಕಾದ ಕೀಲಿ ಮಾತ್ರ ಹಸಿರಾಗಿ ಬೆಳಗುತ್ತದೆ. ಒತ್ತಿದೊಡನೆ ಅದು ಆರಿ ಮುಂದಿನದು ಹತ್ತುತ್ತದೆ. ಉಳಿದದ್ದೆಲ್ಲ ಕತ್ತಲೆ. ತಪ್ಪಲು ಅವಕಾಶವೇ ಇಲ್ಲ. ನನ್ನ ಜೀವಮಾನದಲ್ಲಿ ಇಷ್ಟು ದೋಷರಹಿತವಾದದ್ದನ್ನು ನಾನು ಬೇರೇನೂ ಮಾಡಿಲ್ಲ.

ವನಜ ನೋಡಿ, "ಅಪ್ಪಾ, ಅಮ್ಮ ಕೀ ನೋಡಲ್ಲ ಅಲ್ವಾ? ಬೇಡ ಬಿಡಿ" ಎಂದಳು.

"ತಪ್ಪು ಬರ್ತಿದೆಯಲ್ಲಮ್ಮಾ."

"ಬರ್ಲಿ. ಯಾರು ಓದ್ತಾರೆ?"

ಈ ಪ್ರಶ್ನೆ ನನ್ನ ಒಟ್ಟು ವೃತ್ತಿಜೀವನಕ್ಕೇ ಅನ್ವಯಿಸುವಂತಿತ್ತು.

ಮೊದಲ ದಿನ ಪದ್ಮಾವತಿ ಹಸಿರು ದೀಪ ಕಂಡು ಹುಬ್ಬು ಗಂಟಿಕ್ಕಿದಳು. "ದೇವುಡಾ! ಇದೇಮಿಟಿ? ಯಾರು ಹಿಂಗ್ ಮಾಡಿದ್ದು? ಕೀ ನೋಡ್ಕೊಂಡು ಹೊಡೆಯೋರು ನನ್ ಇನ್‌ಸ್ಟಿಟ್ಯೂಟ್‌ಗೆ ಬೇಡ, ಹೋಗ್ತಾ ಇರಿ" ಎಂದವಳೇ ಸೆರಗನ್ನು ಎಳೆದು ಕೈ, ಕೀಲಿ ಎರಡರ ಮೇಲೂ ಹೊದಿಸಿ, ಅದರ ಅಡಿಯಲ್ಲೇ ಒತ್ತಿದಳು. ಬಟ್ಟೆಯ ಕೆಳಗೆ ಹಸಿರು ಬೆಳಕು ಅತ್ತಿತ್ತ ಓಡಾಡಿತು. ಎರಡು ಅಕ್ಷರ ತಪ್ಪಾದವು. ನಾನು ಸೆರಗನ್ನು ಮೆಲ್ಲನೆ ಸರಿಸಿ, "ನೋಡು ಪದ್ಮಾ, ದೀಪ ತೋರಿಸುತ್ತೆ" ಎಂದೆ. ಮರುದಿನವೂ ಹೊದಿಸಿದಳು, ಮರುದಿನವೂ ಸರಿಸಿದೆ. ಆಕೆಯದು ಅಭ್ಯಾಸ, ನನ್ನದು ಹಟ. ಮಾವು ಹೂ ಬಿಡುವ ಹೊತ್ತಿಗೆ ಆಕೆ ಹೊದಿಸುವುದನ್ನು ಬಿಟ್ಟಳು. ಕುತ್ತಿಗೆ ಬಗ್ಗಿಸಿ, ದೀಪ ಹತ್ತಿದ ಕಡೆ ಬೆರಳಿಟ್ಟು, ಮುಂದಿನದಕ್ಕೆ ಕಣ್ಣು ಓಡಿಸುತ್ತಿದ್ದಳು. ಹತ್ತು ಬೆರಳುಗಳಲ್ಲಿ ಒಂದೇ ಕೆಲಸ ಮಾಡುತ್ತಿದ್ದುದು ನನ್ನ ಗಮನಕ್ಕೆ ಬಾರದಿರಲಿಲ್ಲ. ಆದರೆ ಪುಟ ನಿರ್ದುಷ್ಟವಾಗಿತ್ತು. ಮುದ್ರಿಸಿ ವನಜಳಿಗೆ ತೋರಿಸಿದೆ. ಅವಳು ಹಾಳೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಗಣಕವೇನೋ ನಡೆಯುತ್ತಿತ್ತು, ಕೀಲಿಮಣೆಯ ದೀಪಗಳು ಮಾತ್ರ ಹತ್ತಲಿಲ್ಲ. ತಂತ್ರಾಂಶ ಯಾವುದೋ ಮುನಿಸು ತಾಳಿತ್ತು. ಇರಲಿ, ಹಿಂದಿನಂತೆ ಓದುತ್ತೇನೆಂದು ಓದಿದೆ. ಪದ್ಮಾವತಿ ಕಿಟಕಿಯ ಕಡೆ ನೋಡಲಿಲ್ಲ. ತೋರುಬೆರಳುಗಳು ಉಬ್ಬುಗೆರೆಗಳನ್ನು ತಡವಿದವು, ತಡವುತ್ತಲೇ ಇದ್ದವು. ಆ ಗೆರೆಗಳು ಏನನ್ನೋ ಹೇಳಬೇಕಿತ್ತು ಎಂಬಂತೆ.

"ಎಲ್ಲಿ ಒತ್ಲಿ?" ಎಂದಳು.

ನಾನು ಮತ್ತೊಮ್ಮೆ ಓದಿದೆ.

"ಓದ್ತಾನೇ ಇದ್ದೀರಲ್ಲ, ಎಲ್ಲಿ ಒತ್ಲಿ ಅಂತ ಹೇಳ್ರಿ!"

ಅಂದಿನಿಂದ ನನ್ನ ಮುಂದಿರುವುದು ಒಂದು ಕಾಲನಿರ್ಣಯದ ಪ್ರಶ್ನೆ. ಬೆರಳುಗಳು ಮರೆತದ್ದು ಯಾವಾಗ? ದೀಪ ಹಚ್ಚುವ ಮೊದಲೇ ಮರೆಯತೊಡಗಿದ್ದವೋ, ದೀಪ ಹಚ್ಚಿದ್ದರಿಂದ ಮರೆತವೋ? ಎರಡು ಘಟನೆಗಳು, ಯಾವುದು ಮೊದಲು, ಯಾವುದು ಅನಂತರ. ಇಂತಹ ಪ್ರಶ್ನೆಗಳನ್ನು ಬಿಡಿಸಿದ್ದಕ್ಕಾಗಿಯೇ ನನಗೆ ಶಾಲು ಹೊದಿಸಿದವರಿದ್ದಾರೆ. ವೈದ್ಯರು, ಹೇಳಲಾಗದು ಎಂದರು. ವನಜ, "ರೋಗ ಅಪ್ಪಾ, ನಿಮ್ಮಿಂದಲ್ಲ" ಎಂದಳು; ಅದು ಸಾಕ್ಷ್ಯವಲ್ಲ, ಕರುಣೆ. ಆಕೆ ದೀಪವಿಲ್ಲದೆ ಮಾಡಿದ ತಪ್ಪುಗಳು ಇದ್ದಂತೆಯೇ ಉಳಿದಿದ್ದರೆ, ದಿನದಿಂದ ದಿನಕ್ಕೆ ಹೋಲಿಸಿ ಏನಾದರೂ ತಿಳಿಯಬಹುದಿತ್ತು. ಆದರೆ ಪ್ರತಿಯೊಂದನ್ನೂ ನಾನೇ ತಿದ್ದಿ ಉಳಿಸಿದ್ದೇನೆ. ಒಂದೇ ಒಂದು ತಪ್ಪನ್ನೂ ಬಿಟ್ಟಿಲ್ಲ. ಗುಳಿಗೂ ಬಣ್ಣ, ಬಿರುಕಿಗೂ ಬಣ್ಣ.

ಈಗ ಮತ್ತೆ ಅವರೆಕಾಯಿಯ ಕಾಲ. ನಿನ್ನೆ ವನಜ ನೆನೆಸಿದ ಅವರೆಕಾಳನ್ನು ಅಮ್ಮನ ಮುಂದಿಟ್ಟು ಕಾಲೇಜಿಗೆ ಹೋದಳು. ಪದ್ಮಾವತಿ ಕಿಟಕಿಯಾಚೆ ನೋಡುತ್ತ ಕೂತು ಕಾಳುಗಳನ್ನು ಹಿತುಕಿದಳು. ಹೆಬ್ಬೆರಳೂ ತೋರುಬೆರಳೂ ಸೇರಿ ಒಂದು ಸಣ್ಣ ಒತ್ತು. ಸಿಪ್ಪೆ ಕೈಯಲ್ಲಿ, ಬೇಳೆ ಪಾತ್ರೆಯಲ್ಲಿ. ಒಮ್ಮೆಯೂ ಕೆಳಗೆ ನೋಡಲಿಲ್ಲ. ಒಂದು ಬೇಳೆಯೂ ನೆಲಕ್ಕೆ ಬೀಳಲಿಲ್ಲ. ಅವರೆಕಾಳಿಗೆ ನಾನು ದೀಪ ಹಚ್ಚಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಪಾತ್ರೆ ತುಂಬುವವರೆಗೆ ನೋಡಿದೆ. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಯಾವ ಕಲ್ಲಿನ ಮೇಲೂ ನನಗೆ ದೊರೆತಿಲ್ಲ. ಆದರೂ ತಾಳೆ ನೋಡುವ ಚಟ ಬಿಡಲಿಲ್ಲ. ಇನ್ನೊಂದು ಆಧಾರ ಬೇಕೆನಿಸಿತು.

ಇಂದು ಬೆಳಿಗ್ಗೆ ಲೇಖನದ ಒಂದು ಪುಟವನ್ನು ಹೊಸದಾಗಿ ಊಡಿಸಿದೆ. ಮೇಲಿನ ಸಾಲಿನಲ್ಲಿ ಸೋಮವಾರ. ಕೆಳಗೆ ಅದೇ ತಿಥಿಗೆ, ಬೇಕೆಂದೇ, ಶುಕ್ರವಾರ. ಪದ್ಮಾವತಿಯನ್ನು ಕೂರಿಸಿ, ಹಿಂದಿನಂತೆ ಗಟ್ಟಿಯಾಗಿ ಓದತೊಡಗಿದೆ. ಬೆರಳು ದೀಪದ ಹಿಂದೆ ಹೊರಟಿತು. ಸೋಮವಾರ ಮೂಡಿತು. ಮುಂದೆ ದಾನದ ವಿವರ, ಗಡಿಯ ಕಲ್ಲುಗಳು, ಸಾಕ್ಷಿ ಹಾಕಿದವರು. ಶುಕ್ರವಾರ ಹತ್ತಿರ ಬಂದಂತೆ ನನ್ನ ಧ್ವನಿ ತಾನಾಗಿಯೇ ನಿಧಾನವಾಯಿತು. ಹೇಳಿಬಿಟ್ಟೆ. ಶಕಾರದ ಕೀಲಿ ಬೆಳಗಿತು, ಒತ್ತಿದಳು. ಉಕಾರ ಬೆಳಗಿತು, ಒತ್ತಿದಳು. ಒಂದೂ ತಪ್ಪದೆ, ಎಲ್ಲಿಯೂ ನಿಲ್ಲದೆ, ಶುಕ್ರವಾರ ಪರದೆಯ ಮೇಲೆ ಪೂರ್ತಿಯಾಯಿತು. ಪುಟ ಮುಗಿದು ದೀಪಗಳು ಆರಿದವು.

"ಆಯ್ತು ಸಾರ್. ಇನ್ನೂ ಇದ್ಯಾ?" ಎಂದಳು.

ನಾನು ಆಕೆಯ ಹೆಗಲ ಮೇಲಿಂದ ಬಾಗಿ, ಸ್ಪೇಸ್ ಬಾರನ್ನು ಎರಡು ಸಲ ತಟ್ಟಿದೆ. ಆಕೆ ತಲೆಯೆತ್ತಲಿಲ್ಲ. ನನ್ನ ಕೈಗೆ ಅಡ್ಡವಾಗದಿರಲೆಂದು ತನ್ನ ಕೈಯನ್ನು ಸ್ವಲ್ಪ ಸರಿಸಿಕೊಂಡು, ಮುಂದಿನ ದೀಪ ಎಲ್ಲಿ ಹತ್ತುವುದೆಂದು ಕೀಲಿಗಳನ್ನೇ ನೋಡುತ್ತ ಕೂತಳು.